ಎಚ್ಚರಗೊಳ್ಳದ ಕಂಪ್ಯೂಟರು

೨೦೨೪ನೆಯ ಜುಲೈ ೧೯ರಂದು ನಮ್ಮ ದೇಶದ ಕೆಲವು ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಪ್ರವೇಶಚೀಟಿಗಳನ್ನು ಕೊಡಬೇಕಾಯಿತು. ಅಂದು ಜಗತ್ತಿನ ಅನೇಕ ಕಡೆ ವಿಂಡೋಸ್ ಕಂಪ್ಯೂಟರುಗಳು ನೀಲಿ ತೆರೆಯನ್ನು ತೋರಿಸಿ ನಿಂತುಬಿಟ್ಟವು. ಆರಿಸಿ ಮತ್ತೆ ಚಾಲೂ ಮಾಡಿದರೂ ಅದೇ ನೀಲಿ ತೆರೆ. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಸುಮಾರು ೮೫ ಲಕ್ಷ ಯಂತ್ರಗಳಿಗೆ ಈ ಗತಿಯೊದಗಿತು. ಹಾಗಾದರೆ ಅವುಗಳೊಳಗಿದ್ದ ಕಡತಗಳು ನಾಶವಾದುವೇ? ಇಲ್ಲ. ಏಕಿಲ್ಲವೆಂಬುದನ್ನು ವಿಚಾರಮಾಡೋಣ.

ಕಂಪ್ಯೂಟರಿಗೆ ಎರಡು ಬಗೆಯ ಸ್ಮೃತಿಗಳುಂಟು. ಕೆಲಸದ ವೇಳೆಯಲ್ಲಿ ಅದು ಬಳಸುವ ರ‍್ಯಾಮ್ ಎಂಬುದರಲ್ಲಿ ಅತಿ ಸೂಕ್ಷ್ಮವಾದ ಕೆಪಾಸಿಟರುಗಳಿದ್ದು, ಅವುಗಳಲ್ಲಿನ ವಿದ್ಯುದಾವೇಶವೇ ಮಾಹಿತಿಯಾಗಿರುತ್ತದೆ. ವಿದ್ಯುತ್ತು ನಿಂತೊಡನೆ ಈ ಆವೇಶವು ಸೋರಿಹೋಗುತ್ತದೆ. ಡಿಸ್ಕಿನ ಸ್ಮೃತಿ ಹಾಗಲ್ಲ. ಅಲ್ಲಿ ಮಾಹಿತಿಯು ಕಾಂತತ್ವದ ರೂಪದಲ್ಲಿಯೋ, ಅವಾಹಕದ ನಡುವೆ ಸಿಲುಕಿದ ಎಲೆಕ್ಟ್ರಾನುಗಳ ರೂಪದಲ್ಲಿಯೋ ಉಳಿದುಕೊಳ್ಳುತ್ತದೆ.

ಆದುದರಿಂದ ಪ್ರತಿ ಸಲವೂ ಯಂತ್ರವು ತನ್ನ ಪಾಠವನ್ನು ಮೊದಲಿನಿಂದ ಓದಿಕೊಳ್ಳಬೇಕು. ಚಿಪ್ಪೊಂದರಲ್ಲಿರುವ ಕಿರಿಯ ಪ್ರೋಗ್ರಾಮು ಡಿಸ್ಕಿನಿಂದ ಮತ್ತೊಂದನ್ನು ಕರೆಯುತ್ತದೆ. ಅದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನು ಕರೆಯುತ್ತದೆ. ಕರ್ನೆಲ್ಲು ಡ್ರೈವರುಗಳೆಂಬ ಸಹಾಯಕರನ್ನು ಕರೆಯುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಯಂತ್ರ ಏಳಲಾರದು. ಆದರೆ ಬೀಗ ಕೆಟ್ಟಮಾತ್ರಕ್ಕೆ ಕಣಜದ ಧಾನ್ಯ ಕೆಡುವುದೇ?

ಅಂದು ಕಳಚಿದ ಕೊಂಡಿ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ಪ್ರೋಗ್ರಾಮು. ಅದಕ್ಕೆ ಬಂದ ಹೊಸ ಕಡತವೊಂದು, ಕೇವಲ ೨೦ ಮೌಲ್ಯಗಳಿದ್ದೆಡೆಯಲ್ಲಿ ೨೧ನೆಯದನ್ನು ಓದಬೇಕೆಂದಿತು. ಎಲ್ಲೆಮೀರಿದ ಈ ಓದು ಕರ್ನೆಲ್ಲಿನೊಳಗೇ ನಡೆದುದರಿಂದ ಇಡೀ ವ್ಯವಸ್ಥೆ ಸ್ಥಗಿತವಾಯಿತು. ಸಂಸ್ಥೆಯು ೭೮ ನಿಮಿಷಗಳಲ್ಲಿ ದೋಷವನ್ನು ಹಿಂತೆಗೆದುಕೊಂಡಿತಾದರೂ, ಎಚ್ಚರವಾಗಿ ನಿಲ್ಲಲಾರದ ಯಂತ್ರ ತಿದ್ದುಪಡಿಯನ್ನು ಪಡೆಯುವುದೆಂತು? ಜನರು ಯಂತ್ರದಿಂದ ಯಂತ್ರಕ್ಕೆ ಹೋಗಿ, ಕನಿಷ್ಠ ಸಹಾಯಕರೊಡನೆ ಏಳುವ 'ಸೇಫ್ ಮೋಡ್' ಸ್ಥಿತಿಯಲ್ಲಿ ಅದನ್ನೆಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ಬಿಟ್‌ಲಾಕರ್ ಗೂಢಲಿಪಿಯಿದ್ದ ಡಿಸ್ಕುಗಳಿಗೆ ೪೮ ಅಂಕೆಗಳ ಕೀಲಿಯೂ ಬೇಕಾಯಿತು.

ವಿದ್ಯಾರ್ಥಿಮಿತ್ರರೇ, ವರ್ಷದ ಪ್ರಯೋಗವರದಿಯನ್ನೆಲ್ಲ ತುಂಬಿಕೊಂಡ ನಿಮ್ಮ ಕಂಪ್ಯೂಟರು ಪರೀಕ್ಷೆಯ ಮುನ್ನಾದಿನ ಹೀಗೆ ನಿಂತಿತೆನ್ನಿ. ಗಾಬರಿಯಿಂದ ಎಲ್ಲವನ್ನೂ ಅಳಿಸಿ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಹೊರಡುವುದೇ ದೊಡ್ಡ ತಪ್ಪು. ಯಂತ್ರ ಮಾಡದ ನಾಶವನ್ನು ಆಗ ನಾವೇ ಮಾಡಿದಂತಾಗುತ್ತದೆ. ಮೊದಲು ಸೇಫ್ ಮೋಡನ್ನು ಪ್ರಯತ್ನಿಸಬೇಕು. ಅದೂ ಸಾಗದಿದ್ದರೆ, ಬೇರೆ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಲಿನಕ್ಸ್ ಪೆನ್‌ಡ್ರೈವಿನಿಂದ ಯಂತ್ರವನ್ನೆಬ್ಬಿಸಿ ಕಡತಗಳನ್ನು ಮತ್ತೊಂದು ಡಿಸ್ಕಿಗೆ ನಕಲುಮಾಡಿಕೊಳ್ಳಬೇಕು. ದುರಸ್ತಿ ಅನಂತರದ ಮಾತು. ಆದರೆ ಹಾರ್ಡ್‌ಡಿಸ್ಕು ಟಕಟಕ ಸದ್ದುಮಾಡುತ್ತಿದ್ದರೆ ಕೆಟ್ಟಿರುವುದು ಕಣಜವೇ ಎಂದು ತಿಳಿದು, ಕೂಡಲೆ ವಿದ್ಯುತ್ತನ್ನು ನಿಲ್ಲಿಸಿ ತಜ್ಞರಲ್ಲಿಗೆ ಒಯ್ಯತಕ್ಕದ್ದು.

ಇಷ್ಟೆಲ್ಲದಕ್ಕಿಂತ ಸುಲಭವಾದ ಉಪಾಯವೊಂದಿದೆ. ಮುಖ್ಯವಾದ ಬರಹದ ಇನ್ನೊಂದು ಪ್ರತಿಯನ್ನು ಬೇರೆಡೆ ಇರಿಸಿ. ಗೂಢಲಿಪಿಯ ಕೀಲಿಯನ್ನು ಕಾಗದದ ಮೇಲೆ ಬರೆದು ಭದ್ರಪಡಿಸಿ. ಪೆಟ್ಟಿಗೆಯ ಬೀಗದಕೈಯನ್ನು ಅದೇ ಪೆಟ್ಟಿಗೆಯಲ್ಲಿಟ್ಟು ಬೀಗಹಾಕುವವರುಂಟೇ?