ಚಪ್ಪಲಿ ಗೂಡಿನ ಪೆಟ್ಟಿಗೆಯೂ ಉದ್ಯೋಗಪರ್ವವೂ



ಬಳಗದ ಕಳೆದ ಸಂಜೆಕೂಟದಲ್ಲಿ ಇಬ್ಬರು ಮೂವರು ಒಂದೇ ಪ್ರಶ್ನೆ ಕೇಳಿದ್ದರು: "ಊರಿಗೆ ಹೋದಾಗ ಮನೆಯ ಸಂಗ್ರಹ ಪೆಟ್ಟಿಗೆ ಮಾತೇ ಆಡುವುದಿಲ್ಲ, ಏನು ಮಾಡೋದು?" ಸಾಹಿತ್ಯದ ಮಿಂಚಂಚೆಯಲ್ಲಿ ಇದೆಂಥ ತಂತಿ-ಪೆಟ್ಟಿಗೆಯ ಪುರಾಣ ಎನ್ನಬೇಡಿ. ನಮ್ಮ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿದ್ದದ್ದು ಕುಮಾರವ್ಯಾಸ.

2023ರ ಡಿಸೆಂಬರ್ ಕೊನೆಯ ವಾರ ನಾವು ಶಿವಮೊಗ್ಗದಲ್ಲಿದ್ದೆವು. ತಂದೆಯವರ ವೈದಿಕ. ಅವರು ಪಕ್ಕದ ಹೊಸಹಳ್ಳಿಯ ಗಮಕ ಕೇಳುತ್ತಾ ಬೆಳೆದವರು, ಮನೆಯಲ್ಲಿ ತಾವೂ ಓದುತ್ತಿದ್ದರು. ತೊಂಬತ್ತರ ದಶಕದಲ್ಲಿ ಯಾರೋ ಕ್ಯಾಸೆಟ್ಟುಗಳಿಗೆ ತುಂಬಿಸಿದ್ದ ಆ ಓದನ್ನು ನಾವು ಲುಲೆಯೊಕ್ಕೆ ಒಯ್ದು, ಒಂದು ಚಳಿಗಾಲವಿಡೀ ಕೂತು ಗಣಕಕ್ಕೆ ಇಳಿಸಿದ್ದೆವು. ಅಮ್ಮ ಕೇಳಿದ್ದು ಇಷ್ಟೆ: "ಸಂಜೆ ನೆಂಟರೆಲ್ಲ ಇರ್ತಾರೆ, ಆ ಉದ್ಯೋಗಪರ್ವದ್ದು ಹಾಕ್ರೋ." ಜೊತೆಗೆ ತಂದಿದ್ದ ಡಿಸ್ಕಿನಲ್ಲಿ ಎಲ್ಲ ಇದೆ ಎಂಬ ಧೈರ್ಯದಲ್ಲಿ ತೆರೆದು ನೋಡಿದರೆ ಗದಾಪರ್ವ ಇದೆ, ಮಕ್ಕಳ ಹುಟ್ಟುಹಬ್ಬ ಇದೆ, ಉದ್ಯೋಗಪರ್ವ ಇಲ್ಲ. ಕ್ಯಾಸೆಟ್ಟುಗಳೋ, ಇಳಿಸುವಾಗಲೇ ಟೇಪು ಉದುರಿ ಹೋಗಿದ್ದವು. ಉಳಿದದ್ದು ಲುಲೆಯೊದ ನಮ್ಮ ಮನೆಯಲ್ಲಿ, ಚಪ್ಪಲಿ ಗೂಡಿನ ಮೇಲೆ ಕೂತ ಎರಡು ಡಿಸ್ಕಿನ ಹಳೆಯ ಪೆಟ್ಟಿಗೆ ಒಂದೇ. ಅದೇ ಊರಿನಲ್ಲಿ 2013ರಿಂದ ಫೇಸ್‌ಬುಕ್ಕಿನ ದೈತ್ಯ ದತ್ತಾಂಶ ಕೇಂದ್ರವಿದೆ, ಅಮೆರಿಕದ ಹೊರಗೆ ಅವರು ಕಟ್ಟಿದ ಮೊದಲನೆಯದು. ಲೋಕದ ಫೋಟೋಗಳೆಲ್ಲ ಅಲ್ಲಿ ಭದ್ರ. ನಮ್ಮಪ್ಪನ ದನಿ ಚಪ್ಪಲಿಗಳ ಮೇಲೆ.

ಪೆಟ್ಟಿಗೆಯ ಜಾಲಪುಟ ತೆರೆಯಲಿಲ್ಲ. ಇನ್ನುಳಿದದ್ದು ಎಸ್‌ಎಸ್‌ಎಚ್, ಅಂದರೆ ಕಪ್ಪು ಪರದೆಯಲ್ಲಿ ಅಕ್ಷರ ಕುಟ್ಟಿ ದೂರದ ಯಂತ್ರಕ್ಕೆ ಆಜ್ಞೆ ಕೊಡುವ ದಾರಿ. ಇದು ಹುಟ್ಟಿದ್ದು ನಮಗೆ ಹತ್ತಿರದಲ್ಲೇ, ಬೋತ್ನಿಯಾ ಕೊಲ್ಲಿಯ ಆಚೆ ದಡದ ಫಿನ್ಲೆಂಡಿನಲ್ಲಿ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಗುಪ್ತಪದಗಳನ್ನು ಹೆಕ್ಕುತ್ತಿದ್ದುದು ಬಯಲಾದಾಗ, ಅಲ್ಲಿನ ಟಾಟು ಯೂಲೊನೆನ್ ಬೇಸತ್ತು ಇದನ್ನು ಬರೆದರು. ಅದುವರೆಗೆ ಬಳಕೆಯಲ್ಲಿದ್ದ ಟೆಲ್‌ನೆಟ್ಟಿನ ಬಾಗಿಲ ಸಂಖ್ಯೆ 23, ಎಫ್‌ಟಿಪಿಯದ್ದು 21. ನಡುವೆ 22 ಖಾಲಿ ಇತ್ತು. ಕೇಳಿದರು, ಕೊಟ್ಟರು. ಇವತ್ತಿಗೂ ಅದೇ ಸಂಖ್ಯೆ.

ಬಾಗಿಲು ತೆರೆಯದಿದ್ದಾಗ ನಮ್ಮಂಥ ವೃತ್ತಿಯವರೂ ಮಾಡುವ ತಪ್ಪೆಂದರೆ ಮತ್ತೆ ಮತ್ತೆ ಅದನ್ನೇ ಕುಟ್ಟುವುದು. ಹಾಗೆ ಕುಟ್ಟಿದರೆ ಅನೇಕ ಪೆಟ್ಟಿಗೆಗಳು ನಿಮ್ಮನ್ನೇ ಕಳ್ಳನೆಂದು ಬಗೆದು ಕೆಲಹೊತ್ತು ಬಹಿಷ್ಕಾರ ಹಾಕುತ್ತವೆ. ಅದರ ಬದಲು ಪೆಟ್ಟಿಗೆ ಹೇಗೆ ಉತ್ತರ ಕೊಡುತ್ತಿದೆ ಎಂಬುದನ್ನು ಗಮನಿಸಬೇಕು. ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ 'ಟೈಮ್ಡ್ ಔಟ್' ಎಂದರೆ ನಿಮ್ಮ ಕೂಗು ಆ ಮನೆಗೆ ಮುಟ್ಟೇ ಇಲ್ಲ: ವಿಳಾಸ ತಪ್ಪು, ಯಂತ್ರ ಮಲಗಿದೆ, ಇಲ್ಲವೇ ನಡುವೆ ಬೇಲಿ ಇದೆ. ತಟ್ಟನೆ 'ರೆಫ್ಯೂಸ್ಡ್' ಎಂದರೆ ಮುಟ್ಟಿದೆ, ಆದರೆ 22ನೇ ಬಾಗಿಲಲ್ಲಿ ಕೂರುವವರು ಇಲ್ಲ, ಅಂದರೆ ಆ ಸೇವೆ ನಿಂತಿದೆ. 'ಪರ್ಮಿಷನ್ ಡಿನೈಡ್' ಎಂದರೆ ಸಂತೋಷಪಡಿ, ಬಾಗಿಲು ಕಾಯುವವನು ಇದ್ದಾನೆ, ನಿಮ್ಮ ಗುರುತು ಮಾತ್ರ ಒಪ್ಪಿಲ್ಲ.

ನಮಗೆ ಬಂದದ್ದು ಮೊದಲನೆಯದು. ಮನೆಯ ರೌಟರಿಗೆ ವಿಪಿಎನ್ ಸುರಂಗ ತೋಡಿಟ್ಟಿದ್ದೆವು, ಅದು ತೆರೆಯಿತು. ಹಾಗಾಗಿ ಮನೆಯ ಜಾಲದೊಳಗೆ ನಾವಿದ್ದೇವೆ, ಪೆಟ್ಟಿಗೆ ಮಾತ್ರ ಕಾಣೆ. ಪಕ್ಕದ ಮನೆಯ ಅಜ್ಜನಿಗೆ ಫೋನು ಮಾಡಿದೆವು. ಶಿವಮೊಗ್ಗದಲ್ಲಿ ಸಂಜೆ ಏಳು, ಅಲ್ಲಿ ಮಧ್ಯಾಹ್ನ ಎರಡೂವರೆ. ಆ ದಿನಗಳಲ್ಲಿ ಲುಲೆಯೊದ ಹಗಲು ಮೂರು ಗಂಟೆಯದು, ಎರಡೂವರೆಗೆ ಕತ್ತಲು ಕವಿದಾಗಿತ್ತು. ಪಾಪ, ಹಿಮದಲ್ಲಿ ಬೂಟು ಹಾಕಿಕೊಂಡು ಹೋಗಿ ನೋಡಿದರು. ದೀಪ ಹಸಿರಾಗೇ ಇದೆ ಎಂದರು, ಹಿಂದಿನ ದಿನ ದುರಸ್ತಿಗೆಂದು ಕಟ್ಟಡದ ಕರೆಂಟು ತೆಗೆದಿದ್ದರಂತೆ ಎಂದೂ ಹೇಳಿದರು. ಅಲ್ಲಿಗೆ ಗುಟ್ಟು ರಟ್ಟಾಯಿತು. ಕರೆಂಟು ಬಂದಾಗ ರೌಟರು ಪೆಟ್ಟಿಗೆಗೆ ಹೊಸ ವಿಳಾಸ ಹಂಚಿತ್ತು. ರೌಟರಿನ ಪಟ್ಟಿಯಲ್ಲಿ ಹುಡುಕಿದರೆ ಸಿಕ್ಕಿತು. ಹೊಸ ವಿಳಾಸದಲ್ಲಿ ಜಾಲಪುಟವೂ ಕಾಣಿಸಿತು, ಆದರೆ ಗುಪ್ತಪದ ಕೊಟ್ಟರೆ ಸುಮ್ಮನೆ ತಿರುಗುತ್ತಾ ಕೂತಿತು. ಇಂಥ ಯಂತ್ರಗಳಿಗೆ ಒಂದು ಖಾಯಂ ವಿಳಾಸ ಗೊತ್ತುಮಾಡಿ ಇಡಿ. ರೌಟರಿನಲ್ಲಿ ಐದು ನಿಮಿಷದ ಕೆಲಸ, ನಾವು ಆರು ವರ್ಷ ಮುಂದೂಡಿದ್ದೆವು.

ಮತ್ತೆ ಎಸ್‌ಎಸ್‌ಎಚ್. ಈ ಸಲ ಬೇರೆ ತಕರಾರು: ಇಬ್ಬರಿಗೂ ಒಪ್ಪುವ ಕೀಲಿಯ ಬಗೆ ಇಲ್ಲ, ಅವರು ಕೊಡುತ್ತಿರುವುದು ಎಸ್‌ಎಸ್‌ಎಚ್-ಆರ್‌ಎಸ್‌ಎ ಎಂದು. ಯಾವುದೂ ಕೆಟ್ಟಿಲ್ಲ, ಇದು ತಲೆಮಾರಿನ ಅಂತರ. ಹಳೆಯ ಪೆಟ್ಟಿಗೆಗೆ ಗೊತ್ತಿರುವುದು ಎಸ್‌ಎಚ್‌ಎ-1 ಎಂಬ ಲೆಕ್ಕಾಚಾರದ ಸಹಿ ಒಂದೇ. ಅದು ಈಗ ಭದ್ರವಲ್ಲವೆಂದು 2021ರ ಸೆಪ್ಟೆಂಬರಿನ ಓಪನ್‌ಎಸ್‌ಎಸ್‌ಎಚ್ 8.8 ಆವೃತ್ತಿಯಿಂದ ತಾನಾಗಿ ಒಪ್ಪುವುದನ್ನು ನಿಲ್ಲಿಸಿದರು. ನಮ್ಮ ಲ್ಯಾಪ್‌ಟಾಪು ಹೊಸತು, ಪೆಟ್ಟಿಗೆ ಹತ್ತು ವರ್ಷದ್ದು. ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಡತದಲ್ಲಿ ಆ ಒಂದು ಯಂತ್ರದ ಹೆಸರಿನ ಕೆಳಗೆ ಮಾತ್ರ, 'ಈ ಮುದುಕನ ಹಳೆಯ ಸಹಿಯನ್ನೂ ಒಪ್ಪು' ಎಂಬ ಸಾಲು ಸೇರಿಸಬೇಕು. ಎಲ್ಲ ಯಂತ್ರಗಳಿಗೂ ಅನ್ವಯಿಸುವ ಹಾಗೆ ಸೇರಿಸಬಾರದು.

ಇಷ್ಟಾದ ಮೇಲೆ ಪರದೆ ತುಂಬ ದೊಡ್ಡಕ್ಷರಗಳ ಎಚ್ಚರಿಕೆ: ಆಚೆಯವನ ಗುರುತು ಬದಲಾಗಿದೆ, ಯಾರೋ ಕಿಡಿಗೇಡಿ ನಡುವೆ ಕೂತಿರಬಹುದು! ಇಲ್ಲಿ ಬಹುಮಂದಿ ಏನು ಮಾಡುತ್ತಾರೆಂದು ನಮಗೆ ಗೊತ್ತು. ಹಳೆಯ ಗುರುತು ಅಳಿಸಿ 'ಯೆಸ್' ಒತ್ತುತ್ತಾರೆ. ನಾವೂ ಒತ್ತುವವರಿದ್ದೆವು. ಮನೆಯಾಕೆ ತಡೆದಳು: "ಗುಪ್ತಪದ ಕೊಡುವ ಮುಂಚೆ ಅದು ನಮ್ಮದೇ ಹೌದಾ ಅಂತ ನೋಡಬಾರದಾ?"

ಪ್ರತಿ ಯಂತ್ರಕ್ಕೂ ಒಂದು ಬೆರಳಚ್ಚು ಇರುತ್ತದೆ. ಪೆಟ್ಟಿಗೆ ಕೊಂಡ ದಿನ ಅದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆವು, ಆ ನೋಟುಬುಕ್ಕು ಲುಲೆಯೊದ ಅಡುಗೆಮನೆಯ ಡ್ರಾಯರಿನಲ್ಲಿ. ಅಜ್ಜ ಇನ್ನೂ ಅಲ್ಲೇ ಇದ್ದರು. ಆಗ ಬರೆದದ್ದು ಹಳೆಯ ಎಂಡಿ5 ಬಗೆ, ಎರಡೆರಡು ಅಕ್ಷರದ ಹದಿನಾರು ಜೋಡಿ. 2015ರಿಂದ ಓಪನ್‌ಎಸ್‌ಎಸ್‌ಎಚ್ ತಾನಾಗಿ ತೋರಿಸುವುದು ಬೇರೆ ಬಗೆಯದನ್ನು. ಹಾಗಾಗಿ ಹಳೆಯ ಬಗೆಯಲ್ಲೇ ತೋರಿಸೆಂದು ಲ್ಯಾಪ್‌ಟಾಪಿಗೆ ಹೇಳಿ, ಅಜ್ಜ ಓದಿದ್ದನ್ನು ಹೋಲಿಸುತ್ತಾ ಹೋದೆವು. ಐದನೇ ಜೋಡಿಯಲ್ಲಿ ತಪ್ಪಿತು, ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು: ಸ್ವೀಡಿಷರ ಬಾಯಲ್ಲಿ ಇಂಗ್ಲಿಷಿನ 'ಇ' ಅಕ್ಷರ 'ಏ' ಆಗುತ್ತದೆ, 'ಎ' ಅಕ್ಷರ 'ಆ' ಆಗುತ್ತದೆ. ಹನ್ನೆರಡು ವರ್ಷ ಆ ದೇಶದಲ್ಲಿದ್ದೂ ಕಿವಿ ಶಿವಮೊಗ್ಗಕ್ಕೆ ಬಂದೊಡನೆ ಶಿವಮೊಗ್ಗದ್ದಾಗಿತ್ತು. ತಿದ್ದಿಕೊಂಡು ಓದಿಸಿದರೆ ಹದಿನಾರೂ ಸರಿ. ಆ ವಿಳಾಸದಲ್ಲಿ ಹಿಂದೊಮ್ಮೆ ಬೇರೊಂದು ಯಂತ್ರ ಇತ್ತು, ಅದರ ಗುರುತನ್ನು ಲ್ಯಾಪ್‌ಟಾಪು ನೆನಪಿಟ್ಟುಕೊಂಡಿತ್ತು, ಅಷ್ಟೆ. ಈಗ ಅದನ್ನು ಅಳಿಸಿ 'ಯೆಸ್' ಎನ್ನಲು ಅಡ್ಡಿಯಿರಲಿಲ್ಲ.

ಕೊನೆಯ ಬಾಗಿಲು 'ಪರ್ಮಿಷನ್ ಡಿನೈಡ್'. ಕೀಲಿಕಡತ ಸರಿಯಿದ್ದೂ ಪೆಟ್ಟಿಗೆ ಒಪ್ಪಲಿಲ್ಲ. ಮಕ್ಕಳೂ ಬಳಸಲಿ ಎಂದು ನಮ್ಮ ಖಾತೆಯ ಕೋಣೆಯನ್ನು ಎಲ್ಲರೂ ಬರೆಯುವಂತೆ ತೆರೆದಿಟ್ಟಿದ್ದೆವು. ಹಾದಿಬೀದಿಯವರೆಲ್ಲ ಕೈಯಾಡಿಸಬಲ್ಲ ಕಡೆ ಇಟ್ಟ ಕೀಲಿಯನ್ನು ಎಸ್‌ಎಸ್‌ಎಚ್ ನಂಬುವುದಿಲ್ಲ, ಅದು ಸರಿಯೇ. ಮೇಲ್ವಿಚಾರಕರ ಖಾತೆಯ ಗುಪ್ತಪದದಿಂದ ಒಳಹೊಕ್ಕು ಆ ಅನುಮತಿಯನ್ನು ಬಿಗಿ ಮಾಡಿದೆವು. ಜಾಲಪುಟ ತಿರುಗುತ್ತಾ ಕೂತದ್ದೇಕೆಂದೂ ತಿಳಿಯಿತು. ಯಂತ್ರ ತನಗೆ ತಾನೇ ಬರೆದುಕೊಳ್ಳುವ ದಿನಚರಿ ಬೆಳೆದು ಬೆಳೆದು, ಅದರ ಸ್ವಂತ ಜಾಗ ನೂರಕ್ಕೆ ನೂರು ತುಂಬಿತ್ತು. ಹಳೆಯ ದಿನಚರಿ ಅಳಿಸಿದೆವು.

ಇನ್ನು ನಮ್ಮ ಕಡತ. ಪಟ್ಟಿ ಹಾಕಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು! ಕಡತ ಕೆಟ್ಟಿರಲಿಲ್ಲ. ಆ ಕಪ್ಪು ಪರದೆಗೆ ಯೂನಿಕೋಡ್ ಅಕ್ಷರ ತೋರಿಸಲು ಹೇಳಿರಲಿಲ್ಲ. ಭಾಷೆಯ ಹೊಂದಿಕೆಯನ್ನು ಯುಟಿಎಫ್-8 ಮಾಡಿದೊಡನೆ ಕನ್ನಡ ಮೂಡಿತು: 'ಅಪ್ಪ ಓದಿದ ಕುಮಾರವ್ಯಾಸ ಭಾರತ ಉದ್ಯೋಗ ಪರ್ವ ಎರಡನೆಯ ಕ್ಯಾಸೆಟ್ ಬಿ ಮಗ್ಗುಲು'. ಇಂಥ ಅಚ್ಚುಕಟ್ಟಾದ ಹೆಸರಿಡುವವಳು ಮನೆಯಾಕೆ. ನಾವಾಗಿದ್ದರೆ 'ಅಪ್ಪ 2' ಎಂದಿಟ್ಟು ಕೈತೊಳೆದುಕೊಳ್ಳುತ್ತಿದ್ದೆವು.

ಡಿಸ್ಕಿನಲ್ಲಿ ಅದು ಯಾಕಿರಲಿಲ್ಲ ಎಂಬುದಕ್ಕೆ ಉತ್ತರವೂ ಆ ಹೆಸರಿನಲ್ಲೇ ಇತ್ತು. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಜಾಗ ಸಾಕು. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. 'ದ್ಯೋ' ಕಣ್ಣಿಗೆ ಒಂದೇ ಅಕ್ಷರ, ಗಣಕಕ್ಕೆ ದಕಾರ, ಹಲಂತ, ಯಕಾರ, ಓಕಾರದ ಕೊಂಬು ಎಂದು ನಾಲ್ಕು, ಹನ್ನೆರಡು ಬೈಟು. ಲೆಕ್ಕ ಹಾಕಿದೆವು: ಆ ಹೆಸರಿನಲ್ಲಿ 55 ಚಿಹ್ನೆ, 165 ಬೈಟು, ನಡುವಿನ ಖಾಲಿ ಜಾಗ ಬೇರೆ. ಸಾಮಾನ್ಯ ಲಿನಕ್ಸ್ ಕಡತ ವ್ಯವಸ್ಥೆಯಲ್ಲಿ ಹೆಸರು 255 ಬೈಟುಗಳವರೆಗೆ ಇರಬಹುದು. ಆದರೆ ನಾವು ಕಳ್ಳರ ಭಯಕ್ಕೆ ನಕಲನ್ನು ಗೂಢಲಿಪಿಯ ಕಪಾಟಿನಲ್ಲಿ ಇಟ್ಟಿದ್ದೆವು. ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾದ ಇಕ್ರಿಪ್ಟ್‌ಎಫ್‌ಎಸ್ ಎಂಬ ಆ ವ್ಯವಸ್ಥೆಯಲ್ಲಿ ಮಿತಿ 143 ಬೈಟು, ಅಂದರೆ ಕನ್ನಡದಲ್ಲಿ 47 ಚಿಹ್ನೆ. ಉದ್ದ ಹೆಸರಿನವನ್ನೆಲ್ಲ ನಕಲು ತಂತ್ರಾಂಶ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗಿತ್ತು. ಡಿಸ್ಕಿಗೆ ಇಳಿಸಿಕೊಂಡದ್ದು ಆ ಕಪಾಟಿನಿಂದಲೇ. ಹನ್ನೊಂದು ಕಡತಗಳು, ಎಲ್ಲವೂ ತಂದೆಯವರ ದನಿ, ನಾಲ್ಕು ವರ್ಷ ಒಂದೇ ಒಂದು ಪ್ರತಿಯಾಗಿ ಆ ಗೂಡಿನ ಮೇಲೆ ಕೂತಿದ್ದವು. ಸ್ವೀಡಿಷಿನಲ್ಲಿ ಹೆಸರಿಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದು ಯಾರಾದರೂ ಅಂದಾರು. ಅವರಿಗೆ ನಮ್ಮಲ್ಲಿ ಉತ್ತರವಿಲ್ಲ, ಸಿಟ್ಟು ಮಾತ್ರ ಇದೆ.

ಕಡತವನ್ನು ಎಸ್‌ಸಿಪಿ ಮೂಲಕ ತರಿಸಿದೆವು. ಅಲ್ಲೂ ಒಂದು ಕೊಕ್ಕೆ. 2022ರ ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಒಳಗೊಳಗೆ ಎಸ್‌ಎಫ್‌ಟಿಪಿ ಭಾಷೆಯಾಡುತ್ತದೆ, ನಮ್ಮ ಮುದುಕನಿಗೆ ಅದು ಬಾರದು. ಆಜ್ಞೆಯ ಜೊತೆ ಇಂಗ್ಲಿಷಿನ ದೊಡ್ಡ 'ಓ' ಸೇರಿಸಿದರೆ ಹಳೆಯ ಭಾಷೆಗೆ ಇಳಿಯುತ್ತದೆ. ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲು, 45 ನಿಮಿಷ, ಸುಮಾರು 43 ಎಂಬಿ. ಬಂದು ಮುಗಿಯುವ ಹೊತ್ತಿಗೆ ಒಂಬತ್ತೂವರೆ. ನೆಂಟರಲ್ಲಿ ಅರ್ಧ ಜನ ಹೊರಟಾಗಿತ್ತು. ಅಮ್ಮ ಜಗಲಿಯ ದೀಪ ಆರಿಸಿ ಬಂದು ಕೂತಳು. ಓದಿನ ನಡುವೆ ತಂದೆಯವರು ಕೆಮ್ಮಿ ನೀರು ಕೇಳುವುದಿದೆ. ಅಲ್ಲಿ ನೀರು ಕೊಡುವ ಬಳೆಯ ಸದ್ದು ಅಮ್ಮನದು.

ಊರಿನಿಂದ ಸುಲಭವಾಗಲಿ ಎಂದು ಪೆಟ್ಟಿಗೆಯ ಬಾಗಿಲನ್ನು ನೇರ ಅಂತರ್ಜಾಲಕ್ಕೆ ತೆರೆದಿಟ್ಟಿದ್ದರೆ, ದಯವಿಟ್ಟು ಇಂದೇ ಮುಚ್ಚಿ ವಿಪಿಎನ್ ಹಾಕಿಸಿಕೊಳ್ಳಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ, ಹೀಗೆ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳ ಕಡತಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ನಿನಲ್ಲಿ ಹಣ ಕೇಳಿತ್ತು. ಹಾಗೆಯೇ ನಿಮ್ಮ ನಕಲು ಕಪಾಟಿನಲ್ಲಿ ಕಡತಗಳನ್ನು ಎಣಿಸಿ, ಮೂಲದ ಎಣಿಕೆಗೆ ಹೋಲಿಸಿ. ಬಳಗದ ಓದಿನ ಸಂಜೆಗಳ ಮುದ್ರಣ ಯಾರ ಯಾರ ಮನೆಯಲ್ಲಿದೆಯೋ ಅವರು ಹೆಸರುಗಳ ಉದ್ದವನ್ನೂ ಒಮ್ಮೆ ನೋಡಿ. ನಲವತ್ತೇಳು ಚಿಹ್ನೆ ದಾಟಿದ್ದರೆ ನಮಗೊಂದು ಮಿಂಚಂಚೆ ಹಾಕಿ. ಹೆಸರು ಮೊಟಕು ಮಾಡುವ ಪುಟ್ಟ ತಂತ್ರಾಂಶ ಬರೆದಿಟ್ಟಿದ್ದೇವೆ, ಪೂರ್ತಿ ಹೆಸರನ್ನು ಅದು ಪಕ್ಕದ ಪಟ್ಟಿಯಲ್ಲಿ ಉಳಿಸುತ್ತದೆ. ಮನೆಯಾಕೆ ಒಪ್ಪಿದ್ದು ಆ ಷರತ್ತಿನ ಮೇಲೆ.