ಸಾಮಾನು ಟ್ರಾಲಿಗೆ, ಮೊಮ್ಮಕ್ಕಳು ಬಸ್ಸಿಗೆ

ಕಾರಿನ ಹಿಂದೆ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು ಊರೂರು ತಿರುಗುವವರು ಅಮೆರಿಕ, ಬ್ರಿಟನ್‌ಗಳಲ್ಲಿ ಬಹಳ ಮಂದಿ. ಒಳಗೆ ಮಂಚ, ಒಲೆ, ನೀರಿನ ತೊಟ್ಟಿ ಎಲ್ಲ ಇರುತ್ತದೆ. ಅದಕ್ಕೆ ಕಾರವಾನ್ ಎಂದು ಹೆಸರು. ಕೇರಳ ಸರಕಾರವೂ 2021ರಲ್ಲಿ ಇಂಥ ಪ್ರವಾಸಕ್ಕೆಂದೇ ಒಂದು ನೀತಿ ತಂದಿತು. ಮೊಬೈಲಿನಲ್ಲಿ ಇದನ್ನೆಲ್ಲ ನೋಡಿ ಮಕ್ಕಳು ಬೆರಗಾಗುತ್ತಾರೆ. ಆದರೆ ಹಚ್ಚೊಳ್ಳಿಯ ಕಟ್ಟೆಯ ಮೇಲೆ ಕೂತ ತಾತನಿಗೆ ಕೇಳಿ ನೋಡಿ, "ಇದ್ರಾಗೇನೈತಿ ಹೊಸಾದು?" ಎಂದಾರು.

ಅವರು ಹೇಳುವುದು ಸುಳ್ಳಲ್ಲ. ಬಂಡಿಗೆ ಬಿದಿರು ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹರವಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಸಂಸಾರ ಸಮೇತ ಜಾತ್ರೆಗೆ ಹೋದವರು ಅವರು. ತಂಪು ಹೊತ್ತಿನಲ್ಲಿ ಎತ್ತು ಹೂಡುವುದು, ಬಿಸಿಲೇರುವ ಮೊದಲು ಯಾವುದಾದರೂ ತೋಪಿನಲ್ಲಿ ಬಿಚ್ಚುವುದು. ಬಂಡಿಯೇ ಮನೆ, ಬಂಡಿಯೇ ನೆರಳು. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಬಂಡಿಯ ಜಾಗಕ್ಕೆ ಟ್ರಾಲಿ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೋ, ಚೈತ್ರ ಹುಣ್ಣಿಮೆಯ ಹಂಪಿ ಜಾತ್ರೆಗೋ, ಮೈಲಾರದ ಕಾರಣಿಕಕ್ಕೋ ಹೊರಟ ಟ್ರಾಲಿಗಳ ಸಾಲನ್ನು ಸಿರುಗುಪ್ಪ ಸೀಮೆಯ ಮಕ್ಕಳೆಲ್ಲ ನೋಡಿಯೇ ಇರುತ್ತೀರಿ.

ಟ್ರಾಲಿ ತುಂಬುವುದು ಒಂದು ವಿದ್ಯೆ. ಬಂಡಿ ಹೊಡೆದ ತಾತನಿಗೆ ಅದು ಮೊದಲೇ ಗೊತ್ತು. ಬಂಡಿಯಲ್ಲಿ ಭಾರ ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ನೊಗ ಹೆಗಲನ್ನು ಅಮುಕುತ್ತದೆ. ಹಿಂಭಾರವೂ ಆಗಬಾರದು, ಅತಿಯಾದ ಮುಂಭಾರವೂ ಆಗಬಾರದು. ಎರಡು ಗಾಲಿಯ ಟ್ರಾಲಿಗೂ ಇದೇ ಲೆಕ್ಕ. ಅಕ್ಕಿ ಚೀಲ, ನೀರಿನ ಡ್ರಮ್ಮು, ದೊಡ್ಡ ಪಾತ್ರೆಗಳಂಥ ತೂಕದ ಸಾಮಾನು ಅಚ್ಚಿನ ಮೇಲೆ ಮತ್ತು ಅದಕ್ಕಿಂತ ತುಸು ಮುಂದೆ, ಆದಷ್ಟೂ ಕೆಳಗೆ ಇರಬೇಕು. ಹಾಸಿಗೆ, ಬಟ್ಟೆಗಂಟು ಹಿಂದಕ್ಕೆ. ಭಾರವೆಲ್ಲ ಹಿಂದೆ ಬಿದ್ದರೆ ಟ್ರಾಲಿಯ ಮೂತಿ ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಆಗ ದೊಡ್ಡ ಗಾಲಿಗಳಿಗೆ ನೆಲದ ಹಿಡಿತ ತಪ್ಪುತ್ತದೆ, ಟ್ರಾಲಿ ಹಾವಿನಂತೆ ಓಲಾಡುತ್ತದೆ.

ಬಂಡಿಗೆ ಕಡಾಣಿ ಹೇಗೋ ಟ್ರಾಲಿಗೆ ಪಿನ್ನು ಹಾಗೆ. ಟ್ರಾಲಿಯ ಬಳೆಯನ್ನು ಟ್ರ್ಯಾಕ್ಟರಿಗೆ ಹಿಡಿದಿಡುವುದು ಆ ಒಂದು ಕಬ್ಬಿಣದ ಗೂಟ. ಅದರ ತುದಿಗೆ ಕ್ಲಿಪ್ಪು ಹಾಕಬೇಕು. ಕ್ಲಿಪ್ಪು ಕಳೆದಿದೆಯೆಂದು ತಂತಿ ಸುತ್ತುವ ಜಾಣರಿದ್ದಾರೆ. ಆ ಜಾಣತನ ಹೊಲದವರೆಗೆ ಸಾಕು, ಹೆದ್ದಾರಿಗೆ ಬೇಡ. ಜೊತೆಗೊಂದು ಗಟ್ಟಿ ಸರಪಳಿಯನ್ನೂ ಕಟ್ಟಿದರೆ ಪಿನ್ನು ಜಾರಿದರೂ ಟ್ರಾಲಿ ಬೇರೆಯಾಗಿ ಓಡುವುದಿಲ್ಲ.

ಮಕ್ಕಳೇ, ಟ್ರ್ಯಾಕ್ಟರಿನಲ್ಲಿ ಇನ್ನೊಂದು ಸೋಜಿಗವಿದೆ. ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲು! ಹೊಲದಲ್ಲಿ ಸಾಲಿನ ಕೊನೆಗೆ ಗಕ್ಕನೆ ತಿರುಗಲು ಒಂದೇ ಬದಿಯ ಗಾಲಿ ಹಿಡಿಯಬೇಕಲ್ಲ, ಅದಕ್ಕೆ. ಆದರೆ ರಸ್ತೆಯಲ್ಲಿ ಒಂದೇ ಪೆಡಲು ಒತ್ತಿದರೆ ಟ್ರ್ಯಾಕ್ಟರ್ ಒಂದು ಬದಿಗೆ ಸರ್ರನೆ ತಿರುಗಿ ಉರುಳಬಹುದು. ಹಾಗಾಗಿ ಊರು ಬಿಡುವ ಮೊದಲು ಎರಡೂ ಪೆಡಲುಗಳನ್ನು ಕೊಂಡಿಯಿಂದ ಒಂದು ಮಾಡಬೇಕು. "ತಾತಾ, ಬ್ರೇಕಿನ ಕೊಂಡಿ ಹಾಕೀಯೇನು?" ಎಂದು ಕೇಳುವ ಕೆಲಸ ನಿಮಗಿರಲಿ. ನಮ್ಮ ಕಡೆಯ ಹೆಚ್ಚಿನ ಟ್ರಾಲಿಗಳಿಗೆ ತಮ್ಮದೇ ಬ್ರೇಕ್ ಇರುವುದಿಲ್ಲ. ಹಿಂದಿನ ಅಷ್ಟೂ ಭಾರವನ್ನು ಟ್ರ್ಯಾಕ್ಟರೇ ತಡೆಯಬೇಕು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿದರೆ ಭಾರವೇ ಟ್ರ್ಯಾಕ್ಟರನ್ನು ತಳ್ಳಿಕೊಂಡು ಹೋಗುತ್ತದೆ. ಗೇರಿನಲ್ಲೇ ಇಳಿಯಬೇಕು. ಇನ್ನು ಟ್ರಾಲಿಯ ಹಿಂದೆ, ಪಕ್ಕಗಳಲ್ಲಿ ರೇಡಿಯಂ ಪಟ್ಟಿ ಇಲ್ಲದಿದ್ದರೆ ರಾತ್ರಿ ಹಿಂದಿನಿಂದ ಬರುವ ಲಾರಿಗೆ ಅದು ಕಾಣುವುದೇ ಇಲ್ಲ. ಕತ್ತಲಾದ ಮೇಲೆ ಹೊರಡದಿರುವುದೇ ವಾಸಿ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಒಂದು ಕಷ್ಟದ ಮಾತು. ಅಂಥ ಟ್ರಾಲಿಯಲ್ಲಿ ಕೂತು ಹೋಗುವಂತಿಲ್ಲ. ತಾತಂದಿರು ಒಪ್ಪಲಿಕ್ಕಿಲ್ಲ. "ಇಷ್ಟು ವರ್ಷ ಹೋಗಿಲ್ವಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆದರೆ ಬಂಡಿ ಹೋಗುತ್ತಿದ್ದುದು ಎತ್ತಿನ ಹೆಜ್ಜೆಯಲ್ಲಿ. ದಾರಿಯಲ್ಲಿ ಎದುರಾಗುತ್ತಿದ್ದುದು ಇನ್ನೊಂದು ಬಂಡಿ. ಟ್ರಾಲಿಗೆ ಎದುರಾಗುವುದು ಲಾರಿ, ಬಸ್ಸು. ಅದರಲ್ಲಿ ಹಿಡಿದುಕೊಳ್ಳಲು ಆಸರೆಯಿಲ್ಲ, ಮಗುಚಿದರೆ ಎಲ್ಲರೂ ಅದರಡಿಗೇ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯ ಘಾಟಂಪುರದ ಹತ್ತಿರ, ದೇವಿಯ ದರ್ಶನ ಮುಗಿಸಿ ಮರಳುತ್ತಿದ್ದ ಭಕ್ತರ ಟ್ರಾಲಿ ಹೊಂಡಕ್ಕೆ ಮಗುಚಿತು. ಇಪ್ಪತ್ತೈದಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಟ್ರಾಲಿ ಇರುವುದು ಸರಕಿಗೆ, ಜನರಿಗಲ್ಲ ಎಂದು ಕಾನೂನು ಹೇಳುತ್ತದೆ. ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತೊಡಕು. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮೊಮ್ಮಗನನ್ನು ಕೂರಿಸಿಕೊಳ್ಳುವ ಪ್ರೀತಿಯೂ ಬೇಡ. ಒಂದು ಗುಂಡಿಗೆ ಇಳಿದರೆ ಹುಡುಗ ಬೀಳುವುದು ದೊಡ್ಡ ಗಾಲಿಯ ಮುಂದೆ. ಅಂದಹಾಗೆ, ಕಾರವಾನ್ ಮೆಚ್ಚುವ ಬ್ರಿಟನ್ನಿನಲ್ಲೂ ಕಾರು ಅದನ್ನು ಎಳೆಯುತ್ತಿರುವಾಗ ಒಳಗೆ ಯಾರೂ ಕೂರುವಂತಿಲ್ಲ. ಅಷ್ಟು ಚೆಂದದ ಮಂಚವಿದ್ದರೂ ನಿಂತ ಮೇಲೆಯೇ ಮಲಗಬೇಕು.

ಹಾಗಾದರೆ ಜಾತ್ರೆ ಬಿಡಬೇಕೆ? ಬೇಡ. ಸಾಮಾನು ಟ್ರಾಲಿಯಲ್ಲಿ ಹೋಗಲಿ, ಜನ ಬಸ್ಸಿನಲ್ಲಿ ಹೋಗಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ, ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ. ಅಜ್ಜಿ ಗುರುತಿನ ಚೀಟಿ ಮರೆಯದಿದ್ದರೆ ಸಾಕು. ಟ್ರ್ಯಾಕ್ಟರ್ ಗಂಟೆಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಹೋಗುವ ವಾಹನ. ಅದನ್ನು ಬೆಳಕು ಹರಿಯುತ್ತಲೇ ಹೊರಡಿಸಿ, ಮನೆಯವರು ನಿಧಾನವಾಗಿ ಉಂಡು ಸಿರುಗುಪ್ಪಕ್ಕೆ ಬಂದು ಬಸ್ಸು ಹಿಡಿಯಬಹುದು. ಇವರು ಹಂಪಿ ಮುಟ್ಟುವ ಹೊತ್ತಿಗೆ ಅಲ್ಲಿ ಬಿಡಾರ ಎದ್ದಿರುತ್ತದೆ.

ಬಿಡಾರ ಹೂಡುವಾಗ ಬಿಸಿಲಿನ ಲೆಕ್ಕ ನೋಡಬೇಕು. ಟ್ರಾಲಿಯ ಉದ್ದ ಉತ್ತರ ದಕ್ಷಿಣಕ್ಕೆ ಇರುವಂತೆ ನಿಲ್ಲಿಸಿದರೆ ಮಧ್ಯಾಹ್ನ ತಿರುಗಿದ ಮೇಲೆ ಪೂರ್ವದ ಬದಿಗೆ ಉದ್ದದ ನೆರಳು ಬೀಳುತ್ತದೆ. ಆ ಬದಿಗೆ ಎರಡು ಬಿದಿರು ನೆಟ್ಟು ತಾಡಪತ್ರಿ ಕಟ್ಟಿ. ಬರೀ ತಾಡಪತ್ರಿ ಕಾದು, ಕೆಳಗೆ ಕೂತವರನ್ನು ಬೇಯಿಸುತ್ತದೆ. ಅದರಡಿಗೆ ಒಂದು ಗೇಣು ಬಿಟ್ಟು ಹಳೆಯ ಬಿಳಿ ಧೋತರವನ್ನೂ ಕಟ್ಟಿದರೆ ನಡುವೆ ಗಾಳಿ ಆಡಿ ಕಾವು ಕೆಳಗಿಳಿಯುವುದಿಲ್ಲ. ಕಾದ ತಗಡಿನ ಮೇಲೆ ಮಕ್ಕಳು ಬರಿಗಾಲಲ್ಲಿ ಹತ್ತಿದರೆ ಬೊಬ್ಬೆಯೇಳುತ್ತದೆ. ನಮ್ಮ ಸೀಮೆಯಲ್ಲಿ ನೆಲ್ಲು ಹುಲ್ಲಿಗೆ ಬರವೇ? ದಪ್ಪಗೆ ಹಾಸಿಬಿಡಿ. ಒಲೆ ಮಾತ್ರ ಹುಲ್ಲಿನಿಂದ ದೂರವಿರಲಿ.

ಟ್ರಾಲಿಯ ಅಡಿಯ ನೆರಳು ತಂಪೇ. ಆದರೆ ಅಲ್ಲಿ ಮಲಗುವುದು ಬೇಡ. ಯಾರಾದರೂ ತಿಳಿಯದೆ ಟ್ರ್ಯಾಕ್ಟರ್ ಚಾಲೂ ಮಾಡಿದರೆ ಕತೆ ಮುಗಿಯಿತು. ನಿಲ್ಲಿಸಿದೊಡನೆ ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಡಿ, ಕೀಲಿಕೈ ತೆಗೆದು ಅಜ್ಜಿಯ ಸೊಂಟದ ಚೀಲಕ್ಕೆ ಹಾಕಿ.

ನೀರಿಗೆ ಮಣ್ಣಿನ ಕೊಡವೇ ಸರಿ. ಕೊಡದ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನೇ ಹೊತ್ತುಕೊಂಡು ಹೋಗುತ್ತದೆ. ಸುತ್ತ ಒದ್ದೆ ಗೋಣಿಚೀಲ ಸುತ್ತಿ ಗಾಳಿ ಬೀಸುವ ನೆರಳಲ್ಲಿಟ್ಟರೆ ಇನ್ನೂ ತಂಪು. ಮಂಗಳೂರಿನ ತೇವದ ಗಾಳಿಯಲ್ಲಿ ಈ ಆಟ ಅಷ್ಟು ನಡೆಯುವುದಿಲ್ಲ. ನಮ್ಮ ಬಳ್ಳಾರಿಯ ಒಣ ಬಿಸಿಲಿನ ಉಪಕಾರ ಇದೊಂದೇ ಇರಬೇಕು! ಮೈಗೂ ಇದೇ ಉಪಾಯ: ತೋಯಿಸಿ ಹಿಂಡಿದ ಟವೆಲು ಕತ್ತಿನ ಮೇಲಿರಲಿ. ಗಾಳಿ ಮೈಗಿಂತ ಬಿಸಿಯಾದಾಗ ಬೀಸಣಿಕೆಯೊಂದರಿಂದ ತಂಪಾಗುವುದಿಲ್ಲ, ಒದ್ದೆ ಬಟ್ಟೆಯೂ ಬೇಕು. ತಂಪಿಗೆಂದು ಮಕ್ಕಳು ತುಂಗಭದ್ರೆಗೆ ಇಳಿಯುವುದು ಬೇಡ. ಹಂಪಿಯಲ್ಲಿ ಬಂಡೆಗಳ ನಡುವೆ ಸುಳಿಗಳಿವೆ.

ವಯಸ್ಸಾದಂತೆ ಬಾಯಾರಿಕೆ ಕಡಿಮೆ ತಿಳಿಯುತ್ತದೆ. ಅಜ್ಜಿ "ಬ್ಯಾಡಪ್ಪ" ಎಂದರೂ ಗಂಟೆಗೊಮ್ಮೆ ಲೋಟ ಹಿಡಿದು ಎದುರು ನಿಲ್ಲುವುದು ಮೊಮ್ಮಕ್ಕಳ ಕೆಲಸ. ಮಜ್ಜಿಗೆ, ಪಾನಕ ಏನಾದರೂ ಆದೀತು. ವಾಂತಿ ಭೇದಿ ಆದವರಿಗೆ ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಒಳ್ಳೆಯದು. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಬಿಸಿಲಲ್ಲಿದ್ದವರ ಮೈ ಕೆಂಡದಂತೆ ಸುಟ್ಟು, ಮಾತು ತೊದಲಿ, ತಾನೆಲ್ಲಿದ್ದೇನೆಂದು ತಿಳಿಯದಂತಾದರೆ ಅದು ದೇವರು ಮೈಮೇಲೆ ಬಂದದ್ದಲ್ಲ, ಬಿಸಿಲಿನ ಹೊಡೆತ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಫೋನ್ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಬಿಡಾರದಲ್ಲಿ ಹೊತ್ತು ಹೋಗದಿದ್ದರೆ ಮಕ್ಕಳು ಒಂದು ಕೋಲನ್ನು ನೆಟ್ಟಗೆ ನೆಟ್ಟು ಅದರ ನೆರಳನ್ನು ಅಳೆಯುತ್ತಿರಿ. ಹೊತ್ತೇರಿದಂತೆ ನೆರಳು ಕುಗ್ಗುತ್ತದೆ. ಹನ್ನೆರಡು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಅದು ಎಲ್ಲಕ್ಕಿಂತ ಗಿಡ್ಡ. ತಾಡಪತ್ರಿ ಇಲ್ಲದೆ ಟ್ರಾಲಿಯ ಪಕ್ಕದಲ್ಲಿ ಕೂತವರಿಗೆ ಆಗ ನೆರಳೇ ಸಿಗದು. ಊರಿಗೆ ಮರಳಿದ ಮೇಲೂ ಅಳೆಯುವುದನ್ನು ಬಿಡಬೇಡಿ. ಮೇ ತಿಂಗಳ ಮೊದಲ ವಾರದಲ್ಲಿ ಒಂದು ದಿನ ಹಚ್ಚೊಳ್ಳಿಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಗಳಿಗೆಯಲ್ಲಿ ಕೋಲಿಗೆ ನೆರಳೇ ಇರುವುದಿಲ್ಲ. ಯಾವ ದಿನ ಎಂದು ಕೋಲು ನೋಡಿ ನೀವೇ ಕಂಡುಹಿಡಿಯಿರಿ. ತಲೆಗೆ ಟವೆಲು ಇರಲಿ.