ಬೈಪೋಲಾರ್ ಕಾಯಿಲೆಯ ಪತ್ತೆಗೆ ರಕ್ತದ ಪ್ರೋಟೀನ್ ವಿಶ್ಲೇಷಣೆ

ಬೈಪೋಲಾರ್ ಕಾಯಿಲೆಯಲ್ಲಿ ಒಮ್ಮೆ ಅತಿಯಾದ ಉತ್ಸಾಹ, ನಿದ್ರೆಯಿಲ್ಲದಿದ್ದರೂ ದಣಿವಿಲ್ಲದ ಸ್ಥಿತಿ. ಮತ್ತೊಮ್ಮೆ ತೀವ್ರ ಖಿನ್ನತೆ. ರೋಗಿಯು ಬಹುತೇಕ ಖಿನ್ನತೆಯ ಅವಧಿಯಲ್ಲಿಯೇ ವೈದ್ಯರಲ್ಲಿಗೆ ಬರುವುದರಿಂದ ಇದನ್ನು ಕೇವಲ ಖಿನ್ನತೆಯೆಂದು ಭಾವಿಸುವ ಸಂಭವವಿದೆ. ಖಿನ್ನತೆಯ ಔಷಧವೊಂದನ್ನೇ ನೀಡಿದಲ್ಲಿ ಕೆಲವರಲ್ಲಿ ಉನ್ಮಾದ ಕೆರಳಬಹುದು.

ಈ ಭೇದವನ್ನು ಅರಿಯಲು ವಿಜ್ಞಾನಿಗಳು ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದ ನೆರವಿನಿಂದ ರಕ್ತದ ನೂರಾರು ಪ್ರೋಟೀನ್‌ಗಳನ್ನು ಅಳೆಯುತ್ತಿದ್ದಾರೆ. ನರಕೋಶಗಳನ್ನು ಪೋಷಿಸುವ ಬಿಡಿಎನ್ಎಫ್ ಎಂಬ ಪ್ರೋಟೀನ್ ರೋಗ ಉಲ್ಬಣಿಸಿದಾಗ ಕುಗ್ಗುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಕೇವಲ ಖಿನ್ನತೆಯಿರುವವರಲ್ಲಿಯೂ ಅದು ಕುಗ್ಗುವುದರಿಂದ ಹಲವು ಪ್ರೋಟೀನ್‌ಗಳನ್ನು ಒಟ್ಟಾಗಿ ಪರಿಶೀಲಿಸುವುದು ಅವಶ್ಯ. ಈ ಪರೀಕ್ಷೆ ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಆದುದರಿಂದ ರೋಗಿಯ ಹಿಂದಿನ ಅತ್ಯುತ್ಸಾಹದ ದಿನಗಳ ವಿವರವನ್ನೂ ಕುಟುಂಬದವರು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು. ಉಚಿತ ಸಲಹೆಗೆ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಸಂಪರ್ಕಿಸಬಹುದು.